ಹದಿನೇಳರ ಹೆಗಲಿಗೆ ಶುಲ್ಕದ ಮೂಟೆ

ಫಲಿತಾಂಶ ಬಂದ ವಾರ ದಾವಣಗೆರೆಯ ವಿದ್ಯಾನಗರದ ಕಂಬಗಳೆಲ್ಲ ಮುಖಗಳಾಗುತ್ತವೆ. ಫ್ಲೆಕ್ಸಿನ ತುಂಬ ಪಾಸ್‌ಪೋರ್ಟ್ ಅಳತೆಯ ಫೋಟೊಗಳು, ಕೆಳಗೆ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ರ‍್ಯಾಂಕು. ಅದೇ ಓಣಿಗಳ ಪಿಜಿಗಳಲ್ಲಿ, ಹಾಸ್ಟೆಲುಗಳಲ್ಲಿ, ಫ್ಲೆಕ್ಸಿಗೆ ಬಾರದ ಮಕ್ಕಳು ಹಾಸಿಗೆ ಸುತ್ತಿ ಟ್ರಂಕಿಗೆ ಬೀಗ ಹಾಕುತ್ತಿರುತ್ತಾರೆ. ಕೆಲವರು ಊರಿಗೆ, ಕೆಲವರು ಇನ್ನೊಂದು ವರ್ಷದ ರಿಪೀಟರ್ಸ್ ಬ್ಯಾಚಿಗೆ. ಎಲ್ಲಾದರೂ ಒಂದು ಕೆಟ್ಟ ಸುದ್ದಿ ಬಂತೆಂದರೆ ಕಾಲೇಜುಗಳಲ್ಲಿ ‘ಒತ್ತಡ ನಿರ್ವಹಣೆ’ಯ ಉಪನ್ಯಾಸ ಏರ್ಪಾಡಾಗುತ್ತದೆ. ಅಂಕಗಳೇ ಬದುಕಲ್ಲ, ಚೆನ್ನಾಗಿ ನಿದ್ದೆ ಮಾಡಿ, ಹತ್ತು ನಿಮಿಷ ಧ್ಯಾನ ಮಾಡಿ ಎಂದು ಹೇಳಿದವರಿಗೆ ಶಾಲು ಹೊದಿಸಿ ಕಳಿಸಲಾಗುತ್ತದೆ. ಮರುದಿನ ಬೆಳಿಗ್ಗೆ ಮತ್ತೆ ಟೆಸ್ಟು.

ನನ್ನ ತಕರಾರಿರುವುದು ಈ ಉಪದೇಶದ ಜೊತೆಗೆ. ಮಕ್ಕಳ ಸಂಕಟ ಸುಳ್ಳೆಂದು ನಾನು ಹೇಳುತ್ತಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡಿದ್ದಾರೆ. ಆಪ್ತ ಸಲಹೆ ಬೇಕು, ಟೆಲಿ ಮಾನಸ್‌ನ 14416 ಸಂಖ್ಯೆ ಪ್ರತಿ ಹಾಸ್ಟೆಲಿನ ಗೋಡೆಯ ಮೇಲೂ ಇರಬೇಕು. ಆದರೆ ಒತ್ತಡವನ್ನು ಮಕ್ಕಳ ಮನಸ್ಸಿನ ದೌರ್ಬಲ್ಯವೆಂದು ಹೆಸರಿಸಿಬಿಟ್ಟರೆ ಅದನ್ನು ಹುಟ್ಟಿಸಿದವರು ಸುಖವಾಗಿ ಪಾರಾಗುತ್ತಾರೆ. ಈ ಒತ್ತಡಕ್ಕೆ ರೂಪಾಯಿಯ ಲೆಕ್ಕವಿದೆ. ಒಂದೇ ಪದವಿಗೆ ಸರ್ಕಾರಿ ಸೀಟಿನ ಬೆಲೆ ಒಂದು, ಖಾಸಗಿ ಸೀಟಿನ ಬೆಲೆ ಇನ್ನೊಂದು, ಮ್ಯಾನೇಜ್‌ಮೆಂಟ್ ಸೀಟಿನ ಬೆಲೆ ಮತ್ತೊಂದು. ಈ ಬೆಲೆಗಳ ನಡುವಿನ ಅಂತರವನ್ನು ಹದಿನೇಳು ವರ್ಷದ ಹುಡುಗನೋ ಹುಡುಗಿಯೋ ಮೂರು ಗಂಟೆಯ ಪರೀಕ್ಷೆಯಲ್ಲಿ ತುಂಬಿಕೊಡಬೇಕಾಗಿದೆ.

ನಾನು ಇದೇ ಬಡಾವಣೆಯಲ್ಲಿ ರೂಮು ಮಾಡಿಕೊಂಡು ಪಿಎಚ್.ಡಿ. ಮಾಡುತ್ತಿದ್ದೇನೆ. ಖರ್ಚಿಗಾಗಲಿ ಎಂದು ಒಂದು ವರ್ಷ ಪಿಯು ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡಿದೆ. ಪಾಠ ಮಾಡಿದೆ ಎನ್ನುವುದಕ್ಕಿಂತ, ನನ್ನ ಪಿರಿಯಡ್ಡುಗಳನ್ನು ಫಿಸಿಕ್ಸ್ ಟೆಸ್ಟಿಗೆ ಬಿಟ್ಟುಕೊಟ್ಟೆ ಎನ್ನುವುದೇ ಸರಿ. “ಕನ್ನಡದ ಮಾರ್ಕ್ಸು ಸಿಇಟಿಗೆ ಸೇರಲ್ವಲ್ಲ ಸರ್” ಎಂದು ಮಕ್ಕಳು ಸಂಕೋಚದಿಂದಲೇ ಹೇಳುತ್ತಿದ್ದರು. ಅವರ ಮಾತು ನಿಜ. ಎಂಜಿನಿಯರಿಂಗ್‌ಗೆ ಸಿಇಟಿ ಅಂಕದ ಜೊತೆ ಪಿಯುಸಿಯ ವಿಜ್ಞಾನ ವಿಷಯಗಳ ಅಂಕ ಸೇರುತ್ತದೆಯೇ ಹೊರತು ಭಾಷೆಯದ್ದಲ್ಲ. ವೈದ್ಯಕೀಯಕ್ಕೆ ನೀಟ್ ಒಂದೇ. ಚನ್ನಗಿರಿ ಕಡೆಯ ಒಬ್ಬ ಹುಡುಗ ಒಮ್ಮೆ ಹೇಳಿದ: “ಗೌರ್ಮೆಂಟ್ ಸೀಟು ಸಿಕ್ರೆ ತೋಟ ಉಳಿತೈತೆ ಸರ್. ಇಲ್ಲಾಂದ್ರೆ ಇಲ್ಲ.” ಅವನಿಗೆ ಅಂಕಗಳೇ ಬದುಕಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ಅವನ ಮನೆಯ ಮಟ್ಟಿಗೆ ಒಂದೊಂದು ಅಂಕಕ್ಕೂ ಇಷ್ಟಿಷ್ಟು ಅಡಿಕೆ ಮರ ಎಂಬ ಲೆಕ್ಕವಿತ್ತು.

ಈ ಲೆಕ್ಕ ಹುಟ್ಟಿದ್ದು ನಮ್ಮ ರಾಜ್ಯದಲ್ಲಿಯೇ. ಕ್ಯಾಪಿಟೇಶನ್ ಎಂಬ ಪದವನ್ನು ಕನ್ನಡದ ಮನೆಮಾತಾಗಿಸಿದವರು ನಾವು. ಅದನ್ನು ನಿಷೇಧಿಸಲು 1984ರಲ್ಲಿ ಕರ್ನಾಟಕ ಕಾಯ್ದೆ ಮಾಡಿತು. ಅದೇ ಕಾಯ್ದೆಯಡಿ 1989ರಲ್ಲಿ ಹೊರಟ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ವರ್ಷದ ಶುಲ್ಕವನ್ನು ನಿಗದಿ ಮಾಡಿತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ಉಳಿದ ಕರ್ನಾಟಕದವರಿಗೆ 25,000, ಹೊರರಾಜ್ಯದವರಿಗೆ 60,000. ಅದೇ ಬೆಂಚು, ಅದೇ ಪಾಠ, ಮೂರು ಬೆಲೆ. ಇದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1992ರಲ್ಲಿ ಕ್ಯಾಪಿಟೇಶನ್ ಶುಲ್ಕ ಸಂವಿಧಾನಬಾಹಿರ ಎಂದಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಸೀಟುಗಳನ್ನು ‘ಫ್ರೀ’ ಮತ್ತು ‘ಪೇಮೆಂಟ್’ ಎಂದು ಅರ್ಧರ್ಧ ಹಂಚಿತು. ಆ ಹಂಚಿಕೆಗಾಗಿ 1994ರಿಂದ ನಮ್ಮಲ್ಲಿ ಸಿಇಟಿ ಬಂತು. ದುಡ್ಡಿಲ್ಲದ ಮನೆಯ ಎಷ್ಟೋ ಮಕ್ಕಳು ಡಾಕ್ಟರು, ಎಂಜಿನಿಯರು ಆದದ್ದು ಆ ಸಿಇಟಿಯಿಂದ. ಅದನ್ನು ಮರೆಯಬಾರದು. ಆದರೆ 2002ರಲ್ಲಿ, ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ, ಅದೇ ಕೋರ್ಟು ಆ ಯೋಜನೆಯನ್ನು ಕೈಬಿಟ್ಟಿತು. ಬೆಲೆಯ ಮೆಟ್ಟಿಲುಗಳು ಮತ್ತೆ ಎತ್ತರವಾದವು. 2016ರಿಂದ ನೀಟ್ ಬಂತು, ಮೆಟ್ಟಿಲು ಹಾಗೇ ಉಳಿಯಿತು.

‘ಮೆರಿಟ್’ ಎಂಬ ಮಾತು ಬಂದಾಗಲೆಲ್ಲ ನನಗೆ ನಗು ಬರುವುದು ಇದಕ್ಕೇ. 2024ರ ನೀಟ್‌ಗೆ ಸುಮಾರು 24 ಲಕ್ಷ ಮಂದಿ ಹೆಸರು ನೋಂದಾಯಿಸಿದ್ದರು. 13 ಲಕ್ಷಕ್ಕೂ ಹೆಚ್ಚು ಮಂದಿ ‘ಅರ್ಹ’ರಾದರು. ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷದ ಮೇಲೆ ಸ್ವಲ್ಪ, ಅದರಲ್ಲಿ ಸರ್ಕಾರಿ ಸೀಟು ಹೆಚ್ಚುಕಡಿಮೆ ಅರ್ಧ. ಅಂದರೆ ಸರ್ಕಾರಿ ಸೀಟು ಮುಗಿದ ಮೇಲೆ ಸರತಿಯಲ್ಲಿ ಮುಂದಿದ್ದ ಬಡವ ಮನೆಗೆ ಹೋಗುತ್ತಾನೆ, ಲಕ್ಷಾಂತರ ಸ್ಥಾನ ಹಿಂದಿದ್ದ ಹಣವಂತ ಒಳಗೆ ಹೋಗುತ್ತಾನೆ. ಸ್ನಾತಕೋತ್ತರ ಸೀಟುಗಳು ಖಾಲಿ ಬಿದ್ದಾಗ, 2023ರಲ್ಲಿ, ನೀಟ್ ಪಿಜಿಯ ಅರ್ಹತೆಯನ್ನು ಸೊನ್ನೆ ಪರ್ಸೆಂಟೈಲಿಗೇ ಇಳಿಸಲಾಯಿತು. ಹಣವುಳ್ಳವರ ವಿಷಯದಲ್ಲಿ ಇಷ್ಟು ಉದಾರವಾದ ಮೆರಿಟ್, ಇಲ್ಲದವರ ವಿಷಯದಲ್ಲಿ ಒಂದು ಅಂಕಕ್ಕೂ ಜಗ್ಗುವುದಿಲ್ಲ.

ಪರೀಕ್ಷೆಯಾದರೂ ನೆಟ್ಟಗೆ ನಡೆಯುತ್ತದೆಯೇ? 2024ರ ಏಪ್ರಿಲ್‌ನ ಸಿಇಟಿಯಲ್ಲಿ ಪಠ್ಯದಲ್ಲಿಲ್ಲದ ಪ್ರಶ್ನೆಗಳು ಬಂದು, 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಅದೇ ವರ್ಷದ ನೀಟ್‌ನಲ್ಲಿ ಪ್ರಶ್ನೆಪತ್ರಿಕೆ ಸೋರಿಕೆ, 1,563 ಮಂದಿಗೆ ಕೃಪಾಂಕ, ಆಮೇಲೆ ಕೃಪಾಂಕ ವಾಪಸ್ಸು. ದೊಡ್ಡವರು ಒಂದು ಪ್ರಶ್ನೆಪತ್ರಿಕೆಯನ್ನು ಸರಿಯಾಗಿ ಕಾಯಲಾರರು. ಮಕ್ಕಳು ಮಾತ್ರ ಒಂದು ಪ್ರಶ್ನೆಗೂ ತಪ್ಪಬಾರದು.

ದಾವಣಗೆರೆಯಲ್ಲಿ ನಿಂತು ಇದನ್ನು ಬರೆಯುವುದಕ್ಕೆ ಕಾರಣವಿದೆ. ಇದು ಓದಿನ ಊರು. ಇಲ್ಲಿ 1965ರಷ್ಟು ಹಿಂದೆಯೇ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಬಂತು. ಪಕ್ಕದ ಶಿವಮೊಗ್ಗ, ಹಾವೇರಿ, ಚಿತ್ರದುರ್ಗಗಳಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಾಗಲೂ ದಾವಣಗೆರೆಗೆ ಬರಲಿಲ್ಲ. ಎಂಜಿನಿಯರಿಂಗ್‌ಗೆ 1951ರಲ್ಲೇ ಶುರುವಾದ ಯುಬಿಡಿಟಿ ಕಾಲೇಜಿದೆ. ಊರಿನ ತವನಪ್ಪನವರ ಮನೆತನದ ಹೆಸರು ಹೊತ್ತ, ಈಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು ಅದು. ಬಡವರ ಮಕ್ಕಳಿಗೆ ಎಟಕುವ ಕಾಲೇಜೆಂದೇ ಅದಕ್ಕೆ ಹೆಸರು. ಅಲ್ಲಿಯೂ ಅರ್ಧದಷ್ಟು ಸೀಟುಗಳನ್ನು ಪೇಮೆಂಟ್ ಕೋಟಾ ಮಾಡಲಾಯಿತು. ಅದರ ವಿರುದ್ಧ 2024ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಮೂವತ್ತು ವರ್ಷಗಳ ಹಿಂದೆ ಖಾಸಗಿ ಕಾಲೇಜಿಗೆಂದು ಹುಟ್ಟಿದ ‘ಪೇಮೆಂಟ್ ಸೀಟು’ ಎಂಬ ಪದ ಸರ್ಕಾರದ ಕಾಲೇಜಿನ ಬಾಗಿಲಿಗೂ ಬಂತು. ಆ ಹೋರಾಟವನ್ನು ನಾನು ಮಾನಸಿಕ ಆರೋಗ್ಯದ ಹೋರಾಟವೆಂದೇ ಎಣಿಸುತ್ತೇನೆ. ಕಡಿಮೆ ಶುಲ್ಕದ ಸೀಟು ಒಂದು ಕಡಿಮೆಯಾದರೆ ಎಲ್ಲೋ ಒಬ್ಬ ಮಗುವಿನ ನಿದ್ದೆ ಅಷ್ಟು ಕಡಿಮೆಯಾಗುತ್ತದೆ.

“ಎಲ್ಲರೂ ಡಾಕ್ಟರೇ ಆಗಬೇಕಾ? ಅಪ್ಪ ಅಮ್ಮನ ದುರಾಸೆ” ಎನ್ನುವವರಿದ್ದಾರೆ. ಮೆಕ್ಕೆಜೋಳದ ದರ ನಂಬಿ ಬದುಕುವ ಜಗಳೂರಿನ ರೈತ ತನ್ನ ಮಗಳಿಗೆ ದರ ಕುಸಿಯದ ಕಸುಬೊಂದನ್ನು ಹುಡುಕಿದರೆ ಅದು ದುರಾಸೆಯಲ್ಲ. ಬೇರೆ ದಾರಿಗಳನ್ನು ಮುಚ್ಚಿದವರು ಯಾರು? ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರ ಮೇಲೆ ನಡೆಯುತ್ತಿವೆ. ಸಾಹಿತ್ಯ ಓದು, ಇತಿಹಾಸ ಓದು ಎಂದು ಆ ಹುಡುಗಿಗೆ ಹೇಳಲು ನನಗೂ ಆಸೆಯಿದೆ. ಆದರೆ ಆ ಓದಿನ ಕೊನೆಯಲ್ಲಿ ನಾವೇನು ಇಟ್ಟಿದ್ದೇವೆ ಎಂದು ಅವಳ ಅಪ್ಪ ಕೇಳಿದರೆ, ಅರ್ಜಿ ಹಾಕುತ್ತಲೇ ಮೂವತ್ತರ ಹತ್ತಿರ ಬಂದಿರುವ ನಾನು ಏನು ತೋರಿಸಲಿ?

2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಕಾಲೇಜು, ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಕೊಟ್ಟಿದೆ. ಅಂಕ ನೋಡಿ ಬ್ಯಾಚು ಒಡೆಯಬೇಡಿ, ಎಲ್ಲರೆದುರು ಅವಮಾನಿಸಬೇಡಿ, ಆಪ್ತ ಸಲಹೆಗಾರರನ್ನು ನೇಮಿಸಿ, ಹಾಸ್ಟೆಲಿನ ಫ್ಯಾನುಗಳನ್ನು ಅಪಾಯವಾಗದಂತೆ ಮಾರ್ಪಡಿಸಿ ಎಂದಿದೆ. ಇವೆಲ್ಲ ಜಾರಿಯಾಗಬೇಕು. ಆದರೆ ಫ್ಯಾನಿನವರೆಗೆ ಬಂದ ನಮ್ಮ ಕಾಳಜಿ ಶುಲ್ಕದ ಪಟ್ಟಿಯವರೆಗೆ ಬರುವುದು ಯಾವಾಗ?

ಕೇಳಬೇಕಾದ್ದು ಬಹಳವೇನಿಲ್ಲ. ಸರ್ಕಾರಿ ಕಾಲೇಜುಗಳಲ್ಲಿ ಪೇಮೆಂಟ್ ಕೋಟಾ ಇರಬಾರದು. ತಮಿಳುನಾಡು 2020ರಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ವೈದ್ಯಕೀಯ ಸೀಟಿನಲ್ಲಿ ಶೇ 7.5 ಮೀಸಲಿಟ್ಟಿತು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ ಇರುವ ಕರ್ನಾಟಕಕ್ಕೆ ಅದೇನೂ ಅಸಾಧ್ಯದ ಮಾತಲ್ಲ. ಟೈಮ್‌ಟೇಬಲಿನಲ್ಲಿರುವ ಭಾಷಾ ಪಿರಿಯಡ್ಡು ತರಗತಿಯಲ್ಲೂ ನಡೆಯಬೇಕು. ದಿನಕ್ಕೆ ಒಂದು ಗಂಟೆಯಾದರೂ ಮಗು ರ‍್ಯಾಂಕಿಗೆ ಲೆಕ್ಕವಾಗದ ಏನನ್ನಾದರೂ ಓದಲಿ. ಫ್ಲೆಕ್ಸ್ ಹಾಕುವ ಸಂಸ್ಥೆ ಭಿನ್ನರಾಶಿಯನ್ನು ಪೂರ್ತಿ ಬರೆಯಲಿ. ಈಗ ಅಲ್ಲಿ ಅಂಶ ಮಾತ್ರ ಇದೆ, ಛೇದ ಇಲ್ಲ. ಎಷ್ಟು ಮಕ್ಕಳನ್ನು ಸೇರಿಸಿಕೊಂಡಿರಿ, ಎಷ್ಟು ಮಂದಿ ನಡುವೆಯೇ ಬಿಟ್ಟುಹೋದರು ಎಂಬುದೂ ಅಷ್ಟೇ ದಪ್ಪ ಅಕ್ಷರದಲ್ಲಿ ಇರಲಿ.

ಇದನ್ನು ಓದುತ್ತಿರುವ ಪಿಯು ವಿದ್ಯಾರ್ಥಿಗಳಿಗೆ ಒಂದು ಮಾತು. ಸಂಕಟವಾದರೆ ಯಾರೊಂದಿಗಾದರೂ ಹೇಳಿಕೊಳ್ಳಿ, ಅದರಲ್ಲಿ ನಾಚಿಕೆಯಿಲ್ಲ. ಜೊತೆಗೆ, ಮುಂದಿನ ಸಲ ‘ಒತ್ತಡ ನಿರ್ವಹಣೆ’ಯ ಉಪನ್ಯಾಸಕ್ಕೆ ಕೂರಿಸಿದಾಗ ಕೈ ಎತ್ತಿ ಕೇಳಿ: ನಮ್ಮ ಸೀಟಿಗೆ ಮೂರು ಬೆಲೆ ಯಾಕೆ ಸರ್?