ಹೆತ್ತವರ ಪ್ರಶ್ನೆಗೆ ಕರಪತ್ರದಲ್ಲಿ ಉತ್ತರವಿರಲಿ

2021ರ ಮೇ ತಿಂಗಳು. ಕೋವಿಡ್ ಎರಡನೇ ಅಲೆ ಇಳಿಯುವ ಮೊದಲೇ, ಮೂರನೆಯದು ಮಕ್ಕಳನ್ನೇ ಹುಡುಕಿಕೊಂಡು ಬರುತ್ತದೆ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಊರೂರು ಸುತ್ತಿತು. ಹಾಗಾಗುವ ಸಾಧ್ಯತೆ ತೀರಾ ಕಡಿಮೆ ಎಂದು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಅದೇ ತಿಂಗಳು ಹೇಳಿತು. 6ರಿಂದ 17 ವರ್ಷದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ರಕ್ತದಲ್ಲಿ ಆಗಲೇ ಪ್ರತಿಕಾಯಗಳಿದ್ದುದು ಜೂನ್–ಜುಲೈನಲ್ಲಿ ಐಸಿಎಂಆರ್ ನಡೆಸಿದ ಸಮೀಕ್ಷೆಯಲ್ಲಿ ಕಂಡುಬಂತು. ಆದರೂ ಮನೆಮನೆಯ ದಿಗಿಲು ಕರಗಲಿಲ್ಲ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ವದಂತಿ ತಾಯಂದಿರ ಮಾತಿನಲ್ಲಿತ್ತು, ವಿಜ್ಞಾನ ವೈದ್ಯರ ಮಾತಿನಲ್ಲಿತ್ತು. ಐದು ವರ್ಷದವರೆಗಿನ ಮಕ್ಕಳಿಗೆ ಮಾಸ್ಕ್ ಬೇಡ, ಮಕ್ಕಳಿಗೆ ರೆಮ್‌ಡೆಸಿವಿರ್ ಕೊಡಬೇಡಿ, ಸೌಮ್ಯ ಸೋಂಕಿಗೆ ಸ್ಟೆರಾಯ್ಡ್ ಅಪಾಯಕಾರಿ ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಜೂನ್‌ನಲ್ಲಿ ಹೇಳಿತು. ಔಷಧ ಅಂಗಡಿಯ ಮುಂದೆ ನಿಂತ ಅಪ್ಪನಿಗೆ ಗೊತ್ತಿರಬೇಕಾದ ಈ ಸಂಗತಿಗಳಿದ್ದದ್ದು ವೈದ್ಯರಿಗಾಗಿ ಬರೆದ ಮಾರ್ಗಸೂಚಿಯೊಳಗೆ.

ಮಧ್ಯರಾತ್ರಿ ಮಗುವಿನ ಮೈ ಸುಡುತ್ತಿರುವಾಗ ಹೆತ್ತವರ ತಲೆಯಲ್ಲಿರುವುದು ಒಂದೇ ಪ್ರಶ್ನೆ: ಈಗಲೇ ಆಸ್ಪತ್ರೆಗೆ ಓಡಬೇಕೇ, ಬೆಳಗಿನವರೆಗೆ ಕಾಯಬಹುದೇ? ಆಕ್ಸಿಮೀಟರ್ ಇಲ್ಲದ ಮನೆಯಲ್ಲೂ ಕೈಲಾಗುವ ಒಂದು ಪರೀಕ್ಷೆಯಿದೆ. ಮಗು ಅಳದೆ ಶಾಂತವಾಗಿರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನದಕ್ಕೆ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಉಸಿರಾಟ ವೇಗವಾಗಿದೆ ಎಂದರ್ಥ, ವೈದ್ಯರಿಗೆ ತೋರಿಸಲೇಬೇಕು. ಪಕ್ಕೆ ಒಳಸೆಳೆಯುತ್ತಿದ್ದರೆ, ಮಗು ಹಾಲು ಕುಡಿಯದೆ ಮಂಕಾಗಿದ್ದರೆ ಎಣಿಸುತ್ತಾ ಕೂರಬಾರದು, ಹೊರಡಬೇಕು. ಇಷ್ಟನ್ನು ಒಂದು ಚಿತ್ರದೊಂದಿಗೆ ಅರ್ಧ ಪುಟದಲ್ಲಿ ಅಚ್ಚು ಹಾಕಬಹುದು. ಗೋಡೆಗೋಡೆಯ ಮೇಲೆ 'ಜಾಗ್ರತೆ ವಹಿಸಿ' ಎಂದು ಬರೆಸುವುದಕ್ಕಿಂತ ಇದು ಎಷ್ಟೋ ಪಾಲು ಉಪಯುಕ್ತ.

ಹೀಗೆ ಬರೆದವರು ಇಲ್ಲದಿಲ್ಲ. ಚಂಡೀಗಡದ ವೈದ್ಯಕೀಯ ಸಂಸ್ಥೆ ಪಿಜಿಐನ ರವೀಂದ್ರ ಖೈವಾಲ್ ಮತ್ತು ಪಂಜಾಬ್ ವಿಶ್ವವಿದ್ಯಾಲಯದ ಸುಮನ್ ಮೋರ್ 2020ರ ಆರಂಭದಲ್ಲೇ ಮಕ್ಕಳಿಗಾಗಿ 'ವಾಯು' ಎಂಬ ನಾಯಕನಿರುವ ಕಾಮಿಕ್ ರೂಪಿಸಿದರು. ಅದೇ ವರ್ಷದ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳೂ ಸೇರಿ ಹೊರತಂದ 'ಮೈ ಹೀರೋ ಈಸ್ ಯು' ಕಥೆಪುಸ್ತಕದ ಹಿಂದೆ ಇನ್ನೂ ದೊಡ್ಡ ಪಾಠವಿದೆ. ಬರೆಯುವ ಮೊದಲು ಕೇಳಲಾಯಿತು. 104 ದೇಶಗಳ 1,700ಕ್ಕೂ ಹೆಚ್ಚು ಮಕ್ಕಳು, ಹೆತ್ತವರು, ಶಿಕ್ಷಕರು ತಮ್ಮ ಅನುಭವ ಹೇಳಿಕೊಂಡರು. ನಮ್ಮಲ್ಲಿ ಕರಪತ್ರ ಅಚ್ಚಾಗಿ ಹಂಚಿಕೆಯಾದ ಮೇಲೆ ಜನರಿಗೆ ಅರ್ಥವಾಯಿತೇ ಎಂದು ಯೋಚಿಸುವುದೇ ವಾಡಿಕೆ.

ಹೆತ್ತವರ ಪ್ರಶ್ನೆಗೆ ಉತ್ತರ ಸಿಗದಿದ್ದರೆ ತೆರಬೇಕಾದ ಬೆಲೆ ಸಣ್ಣದಲ್ಲ. 2020ರಲ್ಲಿ ಜಗತ್ತಿನ 2.3 ಕೋಟಿ ಮಕ್ಕಳು ವಾಡಿಕೆಯ ಲಸಿಕೆಗಳಿಂದ ವಂಚಿತರಾದರು. ಹಿಂದಿನ ವರ್ಷಕ್ಕಿಂತ ಇದು 37 ಲಕ್ಷ ಹೆಚ್ಚು. ಸೇವೆ ನಿಂತದ್ದು ಒಂದು ಕಾರಣವಾದರೆ, ಆಸ್ಪತ್ರೆಗೆ ಹೋದರೆ ಸೋಂಕು ತಗಲುತ್ತದೆಂಬ ಭಯ ಇನ್ನೊಂದು. ದಡಾರದ ಚುಚ್ಚುಮದ್ದು ಮುಂದೂಡಬಹುದೇ ಎಂಬ ಪ್ರಶ್ನೆಗೆ ಮನೆಬಾಗಿಲಲ್ಲಿ ಉತ್ತರಿಸಬೇಕಾದವರು ಆಶಾ ಕಾರ್ಯಕರ್ತೆಯರು.

ಆರೋಗ್ಯ ಇಲಾಖೆ ಮುಂದಿನ ಕರಪತ್ರದ ಕರಡನ್ನು ಮೊದಲು ಅವರ ಕೈಗೇ ಕೊಡಲಿ. ರಾಯಚೂರಿನ ಒಂದು ಅಂಗನವಾಡಿ, ಕೊಡಗಿನ ಒಂದು ಲೈನ್‌ಮನೆ, ಬೆಂಗಳೂರಿನ ಒಂದು ಕೊಳೆಗೇರಿಯಲ್ಲಿ ತಾಯಂದಿರು ಅದನ್ನು ಗಟ್ಟಿಯಾಗಿ ಓದಲಿ. ಅವರು ತಡವರಿಸಿದ ಸಾಲುಗಳನ್ನು ತಿದ್ದಿದ ಮೇಲಷ್ಟೇ ಅದು ಮುದ್ರಣಕ್ಕೆ ಹೋಗಲಿ.