ಚಿಟ್ಟೆಯ ವೇಷ, ನೆಡುತೋಪಿನ ವೇಷ

ಪಶ್ಚಿಮಘಟ್ಟದ ಕಾಡುಗಳಲ್ಲಿ ತರಗೆಲೆಯನ್ನು ಹೋಲುವ ಚಿಟ್ಟೆಯೊಂದಿದೆ. ಅದರ ವೈಜ್ಞಾನಿಕ ನಾಮಧೇಯ ಕಲ್ಲಿಮ ಹಾರ್ಸ್‌ಫೀಲ್ಡಿ. ಹಾರುವಾಗ ಅದು ಗಾಢ ನೀಲಿ. ಕುಳಿತು ರೆಕ್ಕೆ ಮಡಚಿದೊಡನೆ ನೀಲಿಯೆಲ್ಲ ಅಡಗಿ ಒಣಗಿದ ಎಲೆಯೊಂದು ಉಳಿಯುತ್ತದೆ. ನಡುನರ, ಕವಲುನರ, ತೊಟ್ಟು, ಬೂಷ್ಟು ಹಿಡಿದಂತಹ ಕಲೆ, ಯಾವುದಕ್ಕೂ ಕೊರತೆಯಿಲ್ಲ. ಇದೇ ಕುಲದ ಸುಮಾತ್ರಾದ ಚಿಟ್ಟೆಯನ್ನು ಕಂಡು ಬೆರಗಾದ ಆಲ್ಫ್ರೆಡ್ ರಸೆಲ್ ವ್ಯಾಲೇಸ್ 1869ರ ತನ್ನ ಗ್ರಂಥದಲ್ಲಿ ಅದನ್ನು ವರ್ಣಿಸಿದನು. ಈ ವೇಷವು ಒಮ್ಮೆಲೇ ಮೂಡಿದ್ದಲ್ಲ, ಹಂತಹಂತವಾಗಿ ವಿಕಾಸಗೊಂಡದ್ದು ಎಂದು ಜಪಾನಿನ ಸಂಶೋಧಕರು 2014ರಲ್ಲಿ ತೋರಿಸಿದರು.

ವೇಷವೊಂದೇ ಈ ಜೀವಿಯನ್ನು ಉಳಿಸಲಾರದು. ಎಲೆಯಂತೆ ಅಡಗಲು ಅಗಲ ಎಲೆಯ ಮರಗಳ ತರಗು ಬೇಕು. ಮರಿಹುಳುವಿಗೆ ಮರಗಳ ಕೆಳಗೆ ಬೆಳೆಯುವ ಗುರಿಗೆ ಜಾತಿಯ ಗಿಡಗಳು ಬೇಕು. ಪ್ರೌಢ ಚಿಟ್ಟೆಗೆ ಹೂವಿಗಿಂತ ಉದುರಿ ಕೊಳೆತ ಹಣ್ಣು ಮತ್ತು ಮರದ ರಸವೇ ಆಹಾರ. ಅಂದರೆ ಅದಕ್ಕೆ ಬೇಕಾದದ್ದು ಬರಿಯ ಮರಗಳಲ್ಲ, ಕಾಡು.

ಮಲೆನಾಡಿನಲ್ಲಿ ಇನ್ನೊಂದು ವೇಷವೂ ಉಂಟು. ಅದು ನೆಡುತೋಪು ತೊಟ್ಟಿರುವ ಕಾಡಿನ ವೇಷ. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಗೆ 1980ರಲ್ಲಿ ಅರಣ್ಯಭೂಮಿಯನ್ನು 40 ವರ್ಷಗಳ ಗುತ್ತಿಗೆಗೆ ನೀಡಲಾಯಿತು. ಶಿವಮೊಗ್ಗ ಹಾಗೂ ನೆರೆಯ ಜಿಲ್ಲೆಗಳಲ್ಲಿ ಅಕೇಶಿಯಾ, ನೀಲಗಿರಿ ತೋಪುಗಳೆದ್ದವು. 2015ರ ಹೊತ್ತಿಗೆ ಕಾರ್ಖಾನೆಯ ಯಂತ್ರಗಳು ನಿಂತವು. ಆದರೂ 2020ರಲ್ಲಿ 20 ಸಾವಿರ ಹೆಕ್ಟೇರಿಗೂ ಮಿಗಿಲಾದ ಭೂಮಿಯ ಗುತ್ತಿಗೆಯನ್ನು ಸರ್ಕಾರ ಮತ್ತೆ 40 ವರ್ಷಗಳಿಗೆ ನವೀಕರಿಸಿತು. ಕಾಗದವೇ ಇಲ್ಲದ ಕಾರ್ಖಾನೆಗೆ ಕಾಡೇಕೆ ಎಂದು ಮಲೆನಾಡಿಗರು ಪ್ರತಿಭಟಿಸಿದ್ದರಲ್ಲಿ ತಪ್ಪೇನಿತ್ತು?

ಅಕೇಶಿಯಾದ ಎಲೆಯೇ ಒಂದು ವೇಷ. ಬೆಳೆದ ಮರದಲ್ಲಿ ಎಲೆಯೆಂದು ಕಾಣುವುದು ವಾಸ್ತವವಾಗಿ ಚಪ್ಪಟೆಯಾದ ತೊಟ್ಟು. ಅದು ಕೊಳೆಯುವುದು ನಿಧಾನ. ಆ ಒಂದೇ ಬಗೆಯ ಹಾಸಿನ ಮೇಲೆ ಅಗಲ ಎಲೆಯನ್ನು ಅನುಕರಿಸುವ ಚಿಟ್ಟೆ ಅಡಗುವುದಾದರೂ ಎಲ್ಲಿ? ಆದರೆ ಸರ್ಕಾರದ ಲೆಕ್ಕಕ್ಕೆ ಈ ಭೇದವಿಲ್ಲ. ಒಂದು ಹೆಕ್ಟೇರಿಗಿಂತ ದೊಡ್ಡದಾಗಿ, ಶೇಕಡ 10ಕ್ಕಿಂತ ಹೆಚ್ಚು ಮರಗಳ ಹೊದಿಕೆಯಿದ್ದರೆ ಭಾರತೀಯ ಅರಣ್ಯ ಸರ್ವೇಕ್ಷಣೆಯು ತೋಪನ್ನೂ ಅರಣ್ಯ ಹೊದಿಕೆಯೆಂದೇ ಎಣಿಸುತ್ತದೆ. ಚಿಟ್ಟೆ ಹಕ್ಕಿಯನ್ನು ವಂಚಿಸುವುದು ಪ್ರಾಣ ಉಳಿಸಿಕೊಳ್ಳಲು. ತೋಪಿನ ವೇಷ ವಂಚಿಸುವುದು ಯಾರನ್ನು, ಯಾರ ಲಾಭಕ್ಕಾಗಿ?

ಅಕೇಶಿಯಾದ ನೆರಳಿನಲ್ಲಿಯೂ ಕಾಡುಗಿಡಗಳು ಹುಟ್ಟುತ್ತವೆ ಎಂಬ ವಾದವುಂಟು. ಹುಟ್ಟುವುದು ನಿಜ. ಆದರೆ ಕೆಲವೇ ವರ್ಷಗಳಿಗೊಮ್ಮೆ ಕಡಿತಲೆ ನಡೆದರೆ ಅವು ಬೆಳೆಯುವುದೆಂದು? ಆ ವಾದ ಪ್ರಾಮಾಣಿಕವಾಗಿದ್ದರೆ, ಕಡಿದಲ್ಲಿ ಮತ್ತೆ ಅಕೇಶಿಯಾ ನೆಡದೆ, ಹುಟ್ಟಿದ ಗಿಡಗಳನ್ನು ಉಳಿಸಿ ಬೆಳೆಯಲು ಬಿಡಬೇಕು.

ಗ್ರಾಮಸ್ಥರೂ ತಮ್ಮನ್ನು ಪ್ರಶ್ನಿಸಿಕೊಳ್ಳಬೇಕಾಗಿದೆ. ತೋಟಕ್ಕೆಂದು ಬೆಟ್ಟದ ತರಗನ್ನೆಲ್ಲ ಗುಡಿಸಿ ತಂದರೆ, ಬೇಸಿಗೆಯಲ್ಲಿ ಬೆಂಕಿ ಹಚ್ಚಿದರೆ, ಚಿಟ್ಟೆಗೂ ಮಣ್ಣಿಗೂ ಏನುಳಿದೀತು? 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ದಾಖಲಾತಿ ಸಿದ್ಧಪಡಿಸಬೇಕು. ಶಿವಮೊಗ್ಗ, ಭದ್ರಾವತಿಗಳಲ್ಲಿ ಓದುತ್ತಿರುವ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಬಂದಾಗ ಮೊದಲು ಬೆಟ್ಟಕ್ಕೂ ಆಮೇಲೆ ತೋಪಿಗೂ ಹೋಗಿ, ಒಂದು ಮಾರು ನೆಲದಲ್ಲಿ ಬಿದ್ದ ಎಲೆಗಳ ಬಗೆಯನ್ನು ಎಣಿಸಲಿ. ಆ ಎರಡು ಸಂಖ್ಯೆಗಳನ್ನು ಹಿರಿಯರ ಸಮ್ಮುಖದಲ್ಲಿ ದಾಖಲಿಸಿ ಗ್ರಾಮಸಭೆಯಲ್ಲಿ ಓದಲಿ. ತೋಪಿನ ವೇಷ ಕಳಚಲು ಅಷ್ಟು ಸಾಕು.