ಎದೆಯೊಳಗಿನ ಬೆಂಕಿ ರೇಖೆ

ಮಕ್ಕಳೇ, ನನ್ನ ಎಡ ಭುಜದ ಕೆಳಗೆ, ಚರ್ಮದಡಿಯಲ್ಲಿ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಲೋಹದ ಡಬ್ಬಿಯೊಂದಿದೆ. ಹೆಸರು ಐ.ಸಿ.ಡಿ. ಅದರ ತಂತಿ ರಕ್ತನಾಳದೊಳಗಿಂದ ಹೃದಯದವರೆಗೆ ಹೋಗಿದೆ.

ಹೋದ ವಾರ ತಪಾಸಣೆಗೆ ಹೋದಾಗ ಡಾಕ್ಟರು ಕೇಳಿದರು: "ಮೊನ್ನೆ ಒಂದು ರಾತ್ರಿ 2 ಗಂಟೆಗೆ ನಿಮ್ಮ ಹೃದಯ ನಿಮಿಷಕ್ಕೆ 180 ಸಲ ಬಡಿದಿದೆ. ಗೊತ್ತಾಯಿತೇ?" ನನಗೇನು ಗೊತ್ತು, ಒಳ್ಳೆಯ ನಿದ್ದೆಯಲ್ಲಿದ್ದೆ! ಡಬ್ಬಿಯೇ ಅದನ್ನು ಹತೋಟಿಗೆ ತಂದಿತ್ತು.

"ಹೇಗೆ ತಾತ, ಬ್ರೇಕ್ ಹಾಕಿತಾ?" ಎಂದಳು ಮೊಮ್ಮಗಳು.

"ಇಲ್ಲ, ಇನ್ನೂ ಬೇಗ ಬಡಿಯಿತು" ಎಂದೆ. ಅವಳು ನಂಬಲಿಲ್ಲ.

ಆರೋಗ್ಯವಂತ ಹೃದಯದಲ್ಲಿ ವಿದ್ಯುತ್ ಅಲೆಯೊಂದು ಮೇಲಿನ ಬಲ ಕೋಣೆಯಲ್ಲಿ ಹುಟ್ಟಿ, ಕೆಳಗಿಳಿದು, ಆರಿಹೋಗುತ್ತದೆ. ಸುಮ್ಮನೆ ಕೂತಾಗ ನಿಮಿಷಕ್ಕೆ 60ರಿಂದ 100 ಸಲ. ನನ್ನ ಹೃದಯದಲ್ಲಿ ಹಳೆಯ ಹೃದಯಾಘಾತದ ಕಲೆಯಿದೆ. ಒಮ್ಮೊಮ್ಮೆ ಅಲೆ ಆರದೆ ಆ ಕಲೆಯನ್ನೇ ಗಿರಗಿರನೆ ಸುತ್ತುತ್ತದೆ. ಆಗ ಹೃದಯಕ್ಕೆ ರಕ್ತ ತುಂಬಿಕೊಳ್ಳಲೂ ಪುರುಸೊತ್ತಿಲ್ಲ. ಹಾಗೇ ಬಿಟ್ಟರೆ ಪ್ರಾಣಕ್ಕೇ ಅಪಾಯ.

ಬಂಡೀಪುರದಲ್ಲಿ ಬೇಸಿಗೆಗೆ ಮುಂಚೆ ಅರಣ್ಯದವರು ಒಂದು ಪಟ್ಟಿಯಷ್ಟು ಹುಲ್ಲನ್ನು ತಾವೇ ಸುಡುತ್ತಾರೆ. ಅದೇ ಬೆಂಕಿ ರೇಖೆ. ಕಾಳ್ಗಿಚ್ಚು ಬಂದರೂ ಅಲ್ಲಿ ಸುಡಲು ಏನೂ ಉಳಿದಿರುವುದಿಲ್ಲ. ಹೃದಯದ ಕೋಶಗಳೂ ಹಾಗೇ. ಒಮ್ಮೆ ಮಿಡಿದ ಮೇಲೆ ಕ್ಷಣ ಹೊತ್ತು ವಿಶ್ರಾಂತಿ ಬೇಕು. ನನ್ನ ಡಬ್ಬಿ ನಿಮಿಷಕ್ಕೆ 205ರ ವೇಗದಲ್ಲಿ 8 ಸಲ ಮೆಲ್ಲಗೆ ತಟ್ಟಿತು. ಸುತ್ತುವ ಅಲೆ ಬರುವ ಮೊದಲೇ ದಾರಿಯ ಕೋಶಗಳು ಮಿಡಿದು ಮುಗಿಸಿದ್ದವು. ಅಲೆಗೆ ಮುಂದೆ ದಾರಿಯಿಲ್ಲದೆ ಆರಿತು. ಎರಡೂವರೆ ಸೆಕೆಂಡೂ ಹಿಡಿಯಲಿಲ್ಲ, ನೋವೂ ಇಲ್ಲ. ತಟ್ಟಿದರೂ ನಿಲ್ಲದಿದ್ದರೆ ಡಬ್ಬಿ ಜೋರಾದ ಶಾಕ್ ಕೊಡುತ್ತದೆ. ಅದು ಕುದುರೆ ಒದ್ದ ಹಾಗಂತೆ!

ಇದರ ಹಿಂದೆ ಒಂದು ದುಃಖವಿದೆ. 1966ರಲ್ಲಿ ಮಿಷೆಲ್ ಮಿರೋವ್ಸ್ಕಿ ಎಂಬ ವೈದ್ಯರ ಗುರುಗಳು ಇಂಥದೇ ತಾಳತಪ್ಪಿದ ಬಡಿತದಿಂದ ತೀರಿಕೊಂಡರು. ಮೈಯೊಳಗೇ ಕಾವಲಿರುವ ಯಂತ್ರ ಬೇಕೆಂದು ಮಿರೋವ್ಸ್ಕಿ ಹಟ ಹಿಡಿದರು. ಆಗದ ಮಾತು ಎಂದವರೇ ಹೆಚ್ಚು. 1980ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮೊದಲ ಯಂತ್ರವನ್ನು ರೋಗಿಯೊಬ್ಬರಿಗೆ ಅಳವಡಿಸಿದರು. ಅದು ಶಾಕ್ ಮಾತ್ರ ಕೊಡುತ್ತಿತ್ತು. ಮೆಲ್ಲಗೆ ತಟ್ಟುವ ಜಾಣತನ ಆಮೇಲೆ ಬಂತು.

ಕಥೆ ಮುಗಿದಾಗ ಮೊಮ್ಮಗಳು ನನ್ನ ಮಣಿಕಟ್ಟು ಹಿಡಿದು ಎಣಿಸಿದಳು: 72. ನೀವೂ ಇವತ್ತು ಅಜ್ಜ ಅಜ್ಜಿಯ ನಾಡಿ ಎಣಿಸಿ. ಸುಮ್ಮನೆ ಕೂತಿದ್ದರೂ ಅದು ಓಡುತ್ತಿದ್ದು, ತಲೆ ಸುತ್ತುತ್ತಿದೆ ಎಂದರೆ ಕೂಡಲೇ ದೊಡ್ಡವರನ್ನು ಕರೆಯಿರಿ, 108ಕ್ಕೆ ಫೋನ್ ಮಾಡಿ. ಎಲ್ಲರ ಎದೆಯಲ್ಲೂ ಡಬ್ಬಿ ಇರುವುದಿಲ್ಲವಲ್ಲ!